ಕಿಸೆಯಗಲದ ಅಕ್ಷರ

ನಾಗಪುರದ ಹತ್ತಿರದ ಕೋರಾಡಿಯ ಕಾಲೊನಿ ಗೇಟಿನ ಎದುರು ಹೊಸ ಅಂಗಡಿಯೊಂದು ಆಗಿದೆ. ಅಂಗಿಯ ಮೇಲೆ ಹೆಸರು, ನಂಬರು ಒತ್ತಿಕೊಡುವ ಅಂಗಡಿ. ಕಳೆದ ವಾರ ತಂಗಿ ಶೈಲಾಳನ್ನು ಗಂಡನ ಮನೆಯಿಂದ ಕರೆತರಲು ಹೋದಾಗ ನಾವಿಬ್ಬರೂ ಅದರ ಮುಂದೆಯೇ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಒಳಗಿದ್ದವನು ಹೀಟ್ ಪ್ರೆಸ್ಸಿನ ಹಿಡಿಕೆ ಎತ್ತಿದ. ಕಾದ ಬಟ್ಟೆ, ಅದರ ಮೇಲೆ ಮೆತ್ತಗಾದ ರಬ್ಬರು, ಎರಡರ ವಾಸನೆಯೂ ಒಟ್ಟಿಗೆ ರಸ್ತೆಗೆ ಬಂತು. ಶೈಲಾ ಸೆರಗು ಮೂಗಿಗೆ ಹಿಡಿದಳು.

"ಏನ್ ನಾರ್ತೈತಿ," ಎಂದಳು.

ನಾನು ಹೂಂ ಎಂದೆ. ಅಷ್ಟೇ ಮಾತು. ಅದು ಯಾವ ವಾಸನೆ ಎಂದು ಇಬ್ಬರಿಗೂ ಗೊತ್ತು, ಗೊತ್ತಿದೆ ಎಂದು ಇಬ್ಬರೂ ಹೇಳಲಿಲ್ಲ.

ಆ ವಾಸನೆಯಲ್ಲೇ ಕೂತು ನಾನು ಬಹಳ ದಿನ ಬುತ್ತಿ ಉಂಡಿದ್ದೇನೆ. ಅಪ್ಪ ರೈಲ್ವೆಯಲ್ಲಿ ಫಿಟ್ಟರ್. ಗದಗಿನ ಕಡೆಯಿಂದ ವರ್ಗವಾಗಿ ನಾಗಪುರಕ್ಕೆ ಬಂದವನು ಅಜನಿಯ ಕ್ವಾರ್ಟರ್ಸಿನಲ್ಲೇ ಉಳಿದ. ನಾನೂ ಶೈಲಾಳೂ ಮರಾಠಿ ಶಾಲೆಗೆ ಹೋದೆವು. ಮನೆಯಲ್ಲಿ ಮಾತು ಕನ್ನಡ, ಓದಲು ಮಾತ್ರ ಬರುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಅಪ್ಪ ಅಕ್ಷರ ಕಲಿಸಲು ಕೂತಿದ್ದ. ಒತ್ತಕ್ಷರ ಬರುವಷ್ಟರಲ್ಲಿ ಅವನ ತಾಳ್ಮೆ ಮುಗಿದಿತ್ತು. ಹಾಗಾಗಿ ನಮಗೆ ಕನ್ನಡದ ಮೇಲಿನ ಅಕ್ಷರ ಗೊತ್ತು, ಕೆಳಗೆ ನೇತಾಡುವುದು ಗೊತ್ತಿರಲಿಲ್ಲ. ಅದೇ ಮುಂದೆ ನಮ್ಮ ಮೇಲೆ ಬಂತು.

ಒಂಬತ್ತನೆಯ ಇಯತ್ತೆಗೆ ನಾನು ಶಾಲೆ ಬಿಟ್ಟೆ. ಗಜುಭಾವು ಎಂಬವನ ರೇಡಿಯಂ ಅಂಗಡಿಗೆ ಸೇರಿದೆ. ಗಾಡಿಗಳ ನಂಬರ್ ಪ್ಲೇಟಿಗೆ ಅಂಟುಹಾಳೆಯಲ್ಲಿ ಅಕ್ಷರ ಕತ್ತರಿಸಿ ಅಂಟಿಸುವ ಕೆಲಸ. ಮುಂದೆ ಅವನು ಅಂಗಿಗೆ ಅಂಟುವ ಹಾಳೆಯ ಸುರುಳಿ ತಂದ, ಪ್ರೆಸ್ ತಂದ. ಕ್ರಿಕೆಟ್ ಆಡುವವರು, ಗಣೇಶ ಮಂಡಳದವರು, ಎಲ್ಲರೂ ಬರತೊಡಗಿದರು. ಕಂಪ್ಯೂಟರಿನಲ್ಲಿ ಅಕ್ಷರವನ್ನು ತಿರುಗುಮುರುಗು ಮಾಡಿ ಮಷಿನ್ನಿಗೆ ಕಳಿಸಿದರೆ ಅದು ಹಾಳೆಯನ್ನು ಗೀರುತ್ತದೆ. ಬೇಡದ್ದನ್ನು ಸೂಜಿಯಿಂದ ಎಬ್ಬಿಸಿ ಕೀಳಬೇಕು. ಅದಕ್ಕೆ ನಮ್ಮಲ್ಲಿ ಕಚರಾ ತೆಗೆಯುವುದು ಎನ್ನುತ್ತಿದ್ದರು. ಉಳಿದ ಅಕ್ಷರವನ್ನು ಅಂಗಿಯ ಮೇಲಿಟ್ಟು ಪ್ರೆಸ್ ಮುಚ್ಚಿ, ತೆಗೆದು, ಮೇಲಿನ ಪ್ಲಾಸ್ಟಿಕ್ ಎಳೆದರೆ ಆಯಿತು.

ಕೆಲಸ ಅಷ್ಟೇ. ಜಗಳವೆಲ್ಲ ಅಳತೆಯದು. ಅಕ್ಷರ ಎಷ್ಟು ದೊಡ್ಡದಿರಲಿ ಎಂದು ಕೇಳಿದರೆ ಯಾರೂ ನೆಟ್ಟಗೆ ಹೇಳುವುದಿಲ್ಲ. "ಚಲೋ ಕಾಣಬೇಕು" ಎನ್ನುತ್ತಾರೆ. ಚಲೋ ಅಂದರೆ ಎಷ್ಟು ಇಂಚು? ಗಜುಭಾವು ಮೊದಮೊದಲು ಎಲ್ಲ ಅಂಗಿಗೂ ಒಂದೇ ಅಳತೆ ಒತ್ತುತ್ತಿದ್ದ, ಹಾಳೆ ಕತ್ತರಿಸುವುದು ಸುಲಭವೆಂದು. ಒಂದು ಮಂಡಳದ ಅಂಗಿಗಳಿಗೆ ಹಾಗೇ ಗಣಪತಿ ಒತ್ತಿದೆವು. ದೊಡ್ಡವರ ಎದೆಯ ಮೇಲೆ ಗಣಪತಿ ಸರಿಯಾಗಿ ಕೂತ. ಹುಡುಗರ ಅಂಗಿಯಲ್ಲಿ ಅವನ ಕಿವಿಗಳು ಎರಡೂ ಕಂಕುಳಿಗೆ ಹೋದವು. ಮಂಡಳದವರು ಅಂಗಡಿಗೆ ಬಂದು ಕೂಗಾಡಿದ ಮೇಲೆ ಗಜುಭಾವು ಅಳತೆ ಕಲಿತ, ನನಗೂ ಕಲಿಸಿದ. ಅಂಗಿಯನ್ನು ಉದ್ದಕ್ಕೆ ಮಡಚಿ ನಡುಗೆರೆ ಹಾಕು. ಕೊರಳಪಟ್ಟಿಯಿಂದ ನಾಲ್ಕು ಬೆರಳು ಕೆಳಗೆ ಬಿಡು, ಹುಡುಗರಿಗೆ ಎರಡೇ ಬೆರಳು. ತೋಳಿನ ಹೊಲಿಗೆಯಿಂದ ಎರಡೂ ಕಡೆ ಅಂಗೈಯಗಲ ಜಾಗ ಬಿಟ್ಟು, ನಡುವೆ ಎಷ್ಟು ಉಳಿಯುತ್ತದೋ ಅದೇ ನಿನ್ನ ಅಕ್ಷರದ ಅಗಲ. ಮತ್ತೆ ಕೊನೆಯದಾಗಿ, ಎಷ್ಟೇ ಸಣ್ಣದು ಮಾಡಿದರೂ ಅಕ್ಷರದ ಯಾವ ಭಾಗವೂ ಬೆಂಕಿಕಡ್ಡಿಗಿಂತ ತೆಳ್ಳಗಾಗಬಾರದು. "ಬಾರೀಕ್ ಕರೇಗಾ ತೋ ಝಡೇಗಾ," ಎನ್ನುತ್ತಿದ್ದ. ತೆಳ್ಳಗೆ ಮಾಡಿದರೆ ಉದುರುತ್ತದೆ.

ಇದು ನಡೆದದ್ದು ಕಿತ್ತಳೆ ಬಂದ ಕಾಲದಲ್ಲಿ. ಅಜನಿ ಚೌಕದಲ್ಲಿ ಕೈಗಾಡಿಗಳ ತುಂಬ ಕಿತ್ತಳೆ ರಾಶಿ, ಬೆಳಿಗ್ಗೆ ಬಾಯಿಂದ ಹೊಗೆ ಬರುವಷ್ಟು ಚಳಿ. ಆ ಚಳಿಯಲ್ಲಿ ಶೈಲಾ ಓಡುತ್ತಿದ್ದಳು. ಆಗ ಅವಳು ಹತ್ತನೆಯ ಇಯತ್ತೆ. ಶಾಲೆಗೆ ಹೋಗುವಾಗ ಸಿಟಿ ಬಸ್ಸಿನ ಜೊತೆ ಪಂದ್ಯ ಕಟ್ಟುತ್ತಿದ್ದಳು. ಬಸ್ಸು ಸ್ಟಾಪಿನಿಂದ ಬಿಟ್ಟ ಮೇಲೆ ಇವಳು ಎಣಿಸುತ್ತ ನಿಂತು, ಆಮೇಲೆ ಪುಸ್ತಕದ ದಫ್ತರ ಬೆನ್ನಿಗೆ ಬಿಗಿದು ಓಟ ಕೀಳುವಳು. ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಲ್ಲುವಾಗ ಇವಳು ಕಂಬ ಹಿಡಿದು ನಿಂತಿರುತ್ತಿದ್ದಳು. ಕಂಡಕ್ಟರ್ ತಲೆ ಹೊರಗೆ ಹಾಕಿ ಬೈಯುತ್ತಿದ್ದ, ಡ್ರೈವರ್ ನಗುತ್ತಿದ್ದ. ನಾನು ಸೈಕಲ್ ಮೇಲೆ ಹಿಂದೆ ಬರುತ್ತಿದ್ದೆ.

"ಅಣ್ಣಾ, ನಿನ್ನ ಸೈಕಲ್ ಮಾರಿಬಿಡೋ, ಸುಮ್ನ ಕಾಲಿಗೆ ತ್ರಾಸು," ಎನ್ನುತ್ತಿದ್ದಳು.

ಅವಳ ಶಾಲೆಯ ಪಿಟಿ ಟೀಚರ್ ಮೇಶ್ರಾಮ್ ಮೇಡಂ ಅವಳನ್ನು ಪುಣೆಯ ಶಿಬಿರಕ್ಕೆ ಕಳಿಸಬೇಕೆಂದು ಮನೆಗೇ ಬಂದರು. ಅಲ್ಲಿ ಇಟ್ಟುಕೊಂಡು ಓಡಲು ಕಲಿಸುತ್ತಾರಂತೆ, ಶಾಲೆಯೂ ಅಲ್ಲೇ, ಊಟವೂ ಅಲ್ಲೇ. ಚೆನ್ನಾಗಿ ಓಡಿದರೆ ಮುಂದೆ ರೈಲ್ವೆಯಲ್ಲೇ ನೌಕರಿ ಎಂದೂ ಹೇಳಿದರು. ಅಪ್ಪ ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಮೇಡಂ ಹೋದ ಮೇಲೆ ಬೀಡಿ ಹಚ್ಚಿ ಕೂತ.

"ಮೊದಲ ನಮ್ಮ ಮಂದಿ ಮುಂದ ಓಡ್ಲಿ," ಎಂದ. "ಸಂಕ್ರಾಂತಿಗೆ ನಮ್ಮ ಕನ್ನಡದವರ ಆಟ ಅದಾವಲ್ಲ, ಅದರಾಗ ಓಡ್ಲಿ. ನಾಕು ಮಂದಿ ಏನಂತಾರ ಕೇಳೂಣು. ಆಮ್ಯಾಲ ಪುಣೆ."

ಅಪ್ಪನಿಗೆ ನಾಲ್ಕು ಮಂದಿ ಅಂದರೆ ಅಜನಿಯ ಕನ್ನಡದವರು. ಆ ನಾಲ್ಕು ಮಂದಿಯೊಳಗೆ ಅವನು ಯಾವತ್ತೂ ಐದನೆಯವನೇ. ಆಟದ ದಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯಲು ಅವನನ್ನು ಕರೆಯುತ್ತಿದ್ದರು, ಓಟ ಮುಗಿಯುವಲ್ಲಿ ದಾರ ಹಿಡಿಯಲು ಕರೆಯುತ್ತಿದ್ದರು. ಅವನಿಗೆ ಅಷ್ಟು ಸಾಕಿತ್ತು. ಹೊಸ ಮಫ್ಲರ್ ಸುತ್ತಿಕೊಂಡು ಹೋಗುತ್ತಿದ್ದ.

ಆ ವರ್ಷ ಮಕ್ಕಳಿಗೆಲ್ಲ ಅಂಗಿ ಮಾಡಿಸಬೇಕೆಂದು ಕಟ್ಟಿ ಸರ್ ನಿಶ್ಚಯಿಸಿದರು. ಅವರು ಆಟ ನಡೆಸುವ ಕನ್ನಡ ಬಳಗದ ಕಾರ್ಯದರ್ಶಿ, ಬ್ಯಾಂಕಿನಲ್ಲಿ ಅಧಿಕಾರಿ, ಧಾರವಾಡದವರು. ಕೆಟ್ಟವರಲ್ಲ. ಅಪ್ಪನ ಮಗ ಅಂಗಿ ಒತ್ತುತ್ತಾನೆಂದು ಕೇಳಿ ನೇರವಾಗಿ ನಮ್ಮ ಅಂಗಡಿಗೇ ಬಂದರು. ನೀಲಿ ಅಂಗಿ, ಹಳದಿ ಅಕ್ಷರ. ಕುಂಚದಿಂದ ಅವರೇ ಕಾಗದದ ಮೇಲೆ ಚಂದ ಮಾಡಿ ಬರೆದು ತಂದಿದ್ದರು: ಕನ್ನಡ ಕ್ರೀಡಾ ಬಳಗ.

"ಎಷ್ಟು ದೊಡ್ಡದ್ರಿ ಸರ್?" ಎಂದೆ.

"ಎದಿ ತುಂಬ ಬರ್ಲಿ. ಊರ ಮಂದಿಗೆ ಕನ್ನಡ ಕಾಣ್ಲಿ. ಇಲ್ಲಿ ಮತ್ತೆಲ್ಲಿ ಕಾಣತದ, ಹೇಳು."

ಅಳತೆ ನೋಡಲು ಮೊದಲ ಅಂಗಿಯನ್ನು ಶೈಲಾಳ ಮೈಗೆ ಸರಿಯಾಗಿ ಒತ್ತಿದೆ. ತೋಳಿನಿಂದ ತೋಳಿಗೆ ಅಂಗೈಯಗಲ ಬಿಟ್ಟು, ಕೊರಳಿಂದ ಮೂರು ಬೆರಳು ಕೆಳಗೆ, ಎದೆಯಗಲ ಹಳದಿ ಅಕ್ಷರ. ಆ ಅಂಗಡಿಯಲ್ಲಿ ನಾನು ಒತ್ತಿದ್ದರಲ್ಲಿ ಅಷ್ಟು ಒಪ್ಪವಾಗಿ ಕೂತದ್ದು ಬೇರೆ ಯಾವುದೂ ಇಲ್ಲ. ಸಂಜೆ ಮನೆಗೆ ಒಯ್ದೆ. ಶೈಲಾ ಸ್ವೆಟರಿನ ಮೇಲೆಯೇ ಅದನ್ನು ಹಾಕಿಕೊಂಡು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಓಡಿದಳು. ಅವ್ವ ರೊಟ್ಟಿ ಬಡಿಯುವುದು ಬಿಟ್ಟು ನೋಡಿದಳು.

"ಸುಟ್ಟ ವಾಸನಿ ಬರ್ತೈತಲ್ಲೋ," ಎಂದಳು ಅವ್ವ.

"ಹೊಸಾದು ಐತಲ್ಲವಾ, ಹೋಗ್ತೈತಿ."

ಅಷ್ಟರಲ್ಲಿ ಅಪ್ಪ ಡ್ಯೂಟಿ ಮುಗಿಸಿ ಬಂದ. ಚಪ್ಪಲಿ ಬಿಡುತ್ತ ಶೈಲಾಳನ್ನು ನೋಡಿದವನು ಒಂದು ಚಪ್ಪಲಿ ಕಾಲಲ್ಲಿ ಇದ್ದ ಹಾಗೇ ನಿಂತ.

"ಏನಿದು?"

"ಆಟದ ಅಂಗಿ, ಅಪ್ಪಾ," ಎಂದಳು ಶೈಲಾ. "ಕನ್ನಡ ಬರದೈತಿ ನೋಡು."

"ಬರದದ್ದು ಕಾಣ್ತೈತಿ. ಹುಡುಗಿ ಎದಿ ಮ್ಯಾಲ ಊರಗಲ ಅಕ್ಷರ ಯಾಕ ಬೇಕು? ಮಂದಿ ಓದಾಕ ನಿಂದರ್ತಾರ."

"ಓದ್ಲಿ ಅಂತನ ಅಲ್ಲೇನು ಬರಿಯೂದು?" ಎಂದೆ ನಾನು.

"ನೀ ಬಾಯಿ ಮುಚ್ಚು. ಅಕ್ಷರ ಓದ್ತಾರಂತ ತಿಳಿದೀ ಏನು ನೀನು?"

ಅವ್ವ ಒಳಗಿಂದ ಹೇಳಿದಳು: "ಅಕ್ಷರ ಐತಿ, ಹಾವಲ್ಲ. ಯಾಕ ಹಂಗ ಹೌಹಾರ್ತಿ?"

ನಾನು ಬೆನ್ನ ಮೇಲೆ ಒತ್ತಿಕೊಡುತ್ತೇನೆ ಎಂದೆ. ಅಪ್ಪ ಅದಕ್ಕೂ ಬೇಡವೆಂದು ತಲೆಯಾಡಿಸಿದ. "ಬೆನ್ನ ಮ್ಯಾಲಂದ್ರ ಹಿಂದ ಹತ್ತಿ ಓದ್ತಾರ." ಕೊನೆಗೆ ಅವನೇ ದಾರಿ ಹೇಳಿದ. ಹುಡುಗಿಯರ ಅಂಗಿಗೆ ಎಡಕ್ಕೆ ಕಿಸೆ ಇರುತ್ತದಲ್ಲ, ಅಷ್ಟಗಲದ ಜಾಗದಲ್ಲಿ ಸಣ್ಣಗೆ ಬರಲಿ. ಇಲ್ಲವಾದರೆ ಶೈಲಾ ಓಡುವುದು ಬೇಡ.

ಶೈಲಾ ಅಂಗಿ ಕಳಚಿ ನನ್ನ ಕೈಗಿಟ್ಟಳು. "ಸಣ್ಣದಽ ಹಾಕೋ ಅಣ್ಣಾ," ಎಂದಳು. "ಓಡೂದು ಕಾಲು, ಅಕ್ಷರೇನು ಓಡ್ತಾವೇನು?"

ಅಪ್ಪ ಮರುದಿನ ಕಟ್ಟಿ ಸರ್ ಮನೆಗೆ ಹೋದ. ಅವನು ಯಾರ ಮನೆಗೂ ಏನನ್ನೂ ಕೇಳಲು ಹೋಗುವವನಲ್ಲ. ಇದಕ್ಕೆ ಮಾತ್ರ ಹೋದ. ಆಮೇಲೆ ಕಟ್ಟಿ ಸರ್ ಅಂಗಡಿಗೆ ಬಂದು, "ನಿಮ್ಮಪ್ಪ ಹೇಳೋದೂ ಬರೋಬರ್ ಅದಪಾ. ಹೆಣ್ಣುಮಕ್ಕಳ ವಿಷಯ. ಹುಡುಗರಿಗೆ ದೊಡ್ಡದು, ಹುಡುಗಿಯರಿಗೆ ಕಿಸೆಯಷ್ಟು," ಎಂದರು. ಗಜುಭಾವು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. ಕನ್ನಡ ಅವನಿಗೆ ಬಾರದು, ಆದರೆ ದಪ್ಪ ತೆಳ್ಳಗೆ ಕಾಣುತ್ತದಲ್ಲ.

"ಸಾಬ್, ಛೋಟಾ ಕರೇಗಾ ತೋ ಝಡ್ ಜಾಯೇಗಾ," ಎಂದ. ಸಣ್ಣದಾದರೆ ಉದುರುತ್ತದೆ.

"ಏಕ್ ದಿನ್ ಕಾ ಕಾಮ್ ಹೈ, ಭಾವು," ಎಂದರು ಕಟ್ಟಿ ಸರ್. ಒಂದು ದಿನದ ಮಾತು.

ಹಾಗೆ ಸಣ್ಣದು ಮಾಡಿದೆ. ಕುಂಚದಿಂದ ಬರೆದ ಅಕ್ಷರ, ಒಂದು ಕಡೆ ದಪ್ಪ, ಒಂದು ಕಡೆ ಕೂದಲು. ಕಿಸೆಯಗಲಕ್ಕೆ ಇಳಿಸಿದಾಗ ಅದರಲ್ಲಿ ಒಂದು ಬಾಲ, ಎರಡನೆಯ ಪದದ ಮೊದಲ ಅಕ್ಷರದ ಕೆಳಗಿನದು, ಇರುವೆಯ ಕಾಲಿನಷ್ಟಾಯಿತು. ತಿರುಗುಮುರುಗಾಗಿ ಕತ್ತರಿಸಿದ ಹಾಳೆಯಲ್ಲಿ ಅದು ನನಗೆ ಬಾಲವಾಗಿಯೇ ಕಂಡಿತು. ಸೂಜಿಗೆ ಸಿಕ್ಕು ಕಚರಾ ಜೊತೆ ಬರದಂತೆ ಉಗುರಲ್ಲಿ ಒತ್ತಿ ಹಿಡಿದು ಸುತ್ತಲಿನದನ್ನು ತೆಗೆದೆ. ಬಾಲ ಎಲ್ಲ ಅಂಗಿಗೂ ಬಂತು. ಒತ್ತಿ, ಮಡಚಿ, ಕಟ್ಟಿ ಸರ್ ಮನೆಗೆ ಮುಟ್ಟಿಸಿದೆ. ಶೈಲಾ ಮೊದಲು ಹಾಕಿಕೊಂಡಿದ್ದ ದೊಡ್ಡಕ್ಷರದ ಅಂಗಿಯನ್ನೂ ಅದರಲ್ಲೇ ಇಟ್ಟೆ. ರಜೆಗೆ ಧಾರವಾಡದಿಂದ ಬಂದಿದ್ದ ಅವರ ತಮ್ಮನ ಮಗನಿಗೆ ಅದು ಸರಿಯಾಯಿತಂತೆ.

ಮನೆಮನೆಗೆ ಅಂಗಿ ಹಂಚಿದರು. ಎಲ್ಲ ಮನೆಯ ಅವ್ವಂದಿರೂ ಮೂಸಿ ನೋಡಿದರು, ಸುಟ್ಟ ವಾಸನೆ ಎಂದರು, ಬಿಸಿನೀರಲ್ಲಿ ನೆನೆಸಿ ಬ್ರಷ್ ಹಾಕಿ ತಿಕ್ಕಿದರು. ನಮ್ಮ ಅವ್ವನೂ ತಿಕ್ಕಿದಳು. ಅಂಗಡಿಯಲ್ಲಿ ನಾವು ಅಂಗಿ ತಿರುಗಿಸಿ ತಣ್ಣೀರಲ್ಲಿ ಒಗೆಯಿರಿ ಎಂದು ಗಿರಾಕಿಗೆ ಹೇಳುತ್ತಿದ್ದೆವು. ಕನ್ನಡದ ಮನೆಗಳಿಗೆ ಅದನ್ನು ಯಾರು ಹೇಳಬೇಕು? ದೊಡ್ಡಕ್ಷರ ತಡೆದುಕೊಂಡಿತು. ಸಣ್ಣಕ್ಷರದ ಆ ಬಾಲ ಬ್ರಷ್ಷಿಗೆ ಹೋಯಿತು, ಮೋರಿಗೆ ಹೋಯಿತು. ಒಣಗಿದ ಅಂಗಿಯನ್ನು ಅವ್ವ ಮಡಚಿಟ್ಟಳು. ಅವಳಿಗೆ ಅಕ್ಷರವೇ ಬಾರದು. ಶೈಲಾ ನೋಡಿದಳು, ಅವಳಿಗೂ ಏನೂ ಕಡಿಮೆ ಕಾಣಲಿಲ್ಲ. ಮನೆಯಲ್ಲಿ ಕನ್ನಡ ಓದುವವನು ಅಪ್ಪ ಒಬ್ಬನೇ. ಅವನು ಸಣ್ಣದಾಗಿದೆಯೇ ಎಂದು ದೂರದಿಂದ ನೋಡಿದ, ಆಗಿದೆ, ಸುಮ್ಮನಾದ.

ಆಟದ ದಿನ ರೈಲ್ವೆ ಮೈದಾನದಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಎಳ್ಳುಬೆಲ್ಲದ ಡಬ್ಬಿ ಹಿಡಿದ ಹೆಂಗಸರು, ಮಫ್ಲರ್ ಸುತ್ತಿದ ಗಂಡಸರು, ಒಂದು ಕಡೆ ಅವಲಕ್ಕಿಯ ಮೇಲೆ ಸುರಿಯುವ ಖಾರದ ತರ್ರಿ ಕುದಿಯುತ್ತಿತ್ತು. ಅಪ್ಪ ನಸುಕಿಗೇ ಬಂದು ಸುಣ್ಣ ಎಳೆದಿದ್ದ. ಮೇಶ್ರಾಮ್ ಮೇಡಂ ಸ್ಕೂಟರ್ ಮೇಲೆ ಬಂದಿದ್ದರು. ಅಪ್ಪ ತಾನೇ ಹೋಗಿ ಅವರಿಗೆ ಕುರ್ಚಿ ಹಾಕಿದ. ಅದನ್ನು ನೋಡಿ ನಾನು, ಆಯಿತು, ಇವಳು ಪುಣೆಗೆ ಹೋದಳು ಎಂದುಕೊಂಡೆ.

ಹುಡುಗರ ಓಟ ಮೊದಲು ಆಯಿತು. ಎದೆ ತುಂಬ ಹಳದಿ ಅಕ್ಷರ. ಕಟ್ಟಿ ಸರ್ ಎಲ್ಲರಿಗೂ ತೋರಿಸಿ ಹೆಮ್ಮೆ ಪಟ್ಟರು. ಆಮೇಲೆ ಹುಡುಗಿಯರನ್ನು ಕರೆದರು. ಚಳಿಗೆ ಎಲ್ಲರೂ ಸ್ವೆಟರ್ ಹಾಕಿದ್ದರು. ಗೆರೆಯ ಹಿಂದೆ ನಿಂತು ಸ್ವೆಟರ್ ಕಳಚಿ ತಂತಮ್ಮ ಅವ್ವಂದಿರತ್ತ ಎಸೆದರು. ಶೈಲಾ ತನ್ನದನ್ನು ನನ್ನತ್ತ ಎಸೆದಳು. ಅಪ್ಪ ಮೈದಾನದ ಆ ತುದಿಯಲ್ಲಿ ದಾರದ ಒಂದು ಕೊನೆ ಹಿಡಿದು ನಿಂತಿದ್ದ.

ಆ ಧಾರವಾಡದ ಹುಡುಗ ಓಟ ಮುಗಿಸಿ ಅಲ್ಲೇ ಗೆರೆಯ ಪಕ್ಕ ಕೂತಿದ್ದ. ಅಲ್ಲಿದ್ದ ಮಕ್ಕಳಲ್ಲಿ ಕನ್ನಡ ಸರಾಗವಾಗಿ ಓದುವವನು ಅವನೊಬ್ಬನೇ. ಅವನು ಯಾವ ಕೆಟ್ಟ ಬುದ್ಧಿಯಿಂದಲೂ ಓದಲಿಲ್ಲ, ಓದಲು ಬರುತ್ತಿತ್ತು, ಓದಿದ.

"ಕನ್ನಡ ಕೀಡಾ ಬಳಗ," ಎಂದ ಗಟ್ಟಿಯಾಗಿ.

ಕ್ರೀಡಾ ಹೋಗಿ ಕೀಡಾ ಆಗಿತ್ತು. ಹಿಂದಿಯಲ್ಲೂ ಮರಾಠಿಯಲ್ಲೂ ಕೀಡಾ ಎಂದರೆ ಹುಳ. ಬರೀ ಕರ್ನಾಟಕದ ಕನ್ನಡದವರಾಗಿದ್ದರೆ ತಪ್ಪು ಅಕ್ಷರ ಎಂದು ಬಿಡುತ್ತಿದ್ದರು. ಬರೀ ಮರಾಠಿಯವರಾಗಿದ್ದರೆ ಓದಲು ಬರುತ್ತಿರಲಿಲ್ಲ. ನಮ್ಮಂಥ ಎರಡೂ ಬಿಟ್ಟ, ಎರಡೂ ಹಿಡಿದ ಮಂದಿಗೆ ಮಾತ್ರ ಅದು ನಗು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

"ಕನ್ನಡ ಹುಳುಗಳ ಬಳಗ ಏನ್ರಿ ಸರ್?" ಎಂದರು ಯಾರೋ.

"ಎಲ್ಲಿ, ನೋಡೂಣು ತಡೀರಿ," ಎಂದು ಗಂಡಸರು ಗೆರೆಯ ಹತ್ತಿರ ಬಂದರು. ಅಕ್ಷರ ಸಣ್ಣದು, ದೂರದಿಂದ ಕಾಣುವುದಿಲ್ಲ. ಬಗ್ಗಿ ನೋಡಿದರು. ಒಬ್ಬರು ಕಿಸೆಯಿಂದ ಕನ್ನಡಕ ತೆಗೆದು ಹಾಕಿಕೊಂಡು ನೋಡಿದರು. "ಹೌದಲ್ಲಾ, ಇದರಾಗೂ ಕೀಡಾ. ಇದರಾಗೂ ಕೀಡಾ." ಒಂದೊಂದು ಹುಡುಗಿಯ ಮುಂದೆಯೂ ನಿಂತು ಓದಿದರು. ಹೆಂಗಸರೂ ಬಂದು ಓದಿ ನಕ್ಕರು. ಕೆಟ್ಟ ನಗೆಯಲ್ಲ ಅದು. ಮನೆಯವರು ಮನೆಯ ಮಕ್ಕಳನ್ನು ನೋಡಿ ನಗುವ ನಗೆ. ಹುಡುಗಿಯರು ಒಬ್ಬೊಬ್ಬರಾಗಿ ಎರಡೂ ಕೈ ಎದೆಗೆ ಅಡ್ಡ ಹಿಡಿದರು. ಹಿಡಿದಷ್ಟೂ ಮಂದಿ, "ಕೈ ತಗಿಯವಾ, ಓದಾಕ ಬಿಡು," ಎಂದರು.

ನಾನು ಸ್ವೆಟರ್ ಹಿಡಿದು ಅಲ್ಲೇ ನಿಂತಿದ್ದೆ. ಶೈಲಾ ನನ್ನನ್ನು ನೋಡಿ, "ಅಣ್ಣಾ, ಏನಾಗೈತೋ?" ಎಂದಳು. ಅಕ್ಷರ ಹೇಗೆ ಹುಳವಾಯಿತೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ. ನನಗೂ ಅರ್ಧವಷ್ಟೇ ತಿಳಿದಿತ್ತು.

ಕಟ್ಟಿ ಸರ್ ನಗು ತಡೆಯುತ್ತ ಕೈ ಎತ್ತಿ, "ಆತು, ಆತು, ಓಟ ಶುರು ಮಾಡ್ರಿ, ಬಿಸಿಲು ಬರ್ತದ," ಎಂದರು. ಸೀಟಿ ಊದಿದರು.

ಶೈಲಾ ಬಲಗೈಯನ್ನು ಎಡ ಎದೆಯ ಮೇಲಿಟ್ಟುಕೊಂಡು ಓಡಿದಳು. ಅಕ್ಷರ ಇದ್ದಲ್ಲಿ ಅಂಗೈ ಒತ್ತಿ ಹಿಡಿದಿದ್ದಳು. ಯಾರಾದರೂ ಓಡಿ ನೋಡಲಿ ಹಾಗೆ. ಒಂದು ಕೈ ಕಟ್ಟಿದರೆ ಕಾಲೂ ಕಟ್ಟಿದಂತೆ. ಮೈ ಒಂದು ಕಡೆ ವಾಲುತ್ತಿತ್ತು. ಬಸ್ಸನ್ನು ಹಿಂದೆ ಹಾಕುತ್ತಿದ್ದವಳು ಮೂರನೆಯವಳಾಗಿ ಬಂದಳು. ಅವಳಿಗಿಂತ ಮೊದಲು ಬಂದ ಇಬ್ಬರು ಚಿಕ್ಕ ಹುಡುಗಿಯರು. ಯಾಕೆ ನಗುತ್ತಾರೆಂದು ಅವರಿಗೆ ತಿಳಿಯದೆ ಅವರು ಎರಡೂ ಕೈ ಬೀಸಿ ಓಡಿದ್ದರು.

ಅವಳು ಮುಟ್ಟುವ ಮೊದಲೇ ಅಪ್ಪ ದಾರ ಕೈಬಿಟ್ಟಿದ್ದ. ನಗು ಆ ತುದಿಗೂ ಹೋಗಿತ್ತು, ಯಾರೋ ಅವನಿಗೂ ಓದಿ ಹೇಳಿದ್ದರು. ತನ್ನ ಮಫ್ಲರ್ ಬಿಚ್ಚಿ ಅವಳ ಕೊರಳಿಗೆ ಸುತ್ತಿ ಎದೆಯ ಮೇಲೆ ಇಳಿಬಿಟ್ಟ. "ನಡಿ ಮನಿಗೆ," ಎಂದ.

ಮೇಶ್ರಾಮ್ ಮೇಡಂ ಓಡಿ ಬಂದರು. ಅವರಿಗೆ ಕನ್ನಡ ಬಾರದು, ನಗು ಯಾಕೆಂದು ಗೊತ್ತಿಲ್ಲ. ಅವರು ನೋಡಿದ್ದು ಓಟವೊಂದನ್ನೇ. ಒಂದು ಕೈಯಲ್ಲಿ ಓಡಿ ಇಷ್ಟು ಬಂದವಳು ಎರಡು ಕೈ ಬಿಟ್ಟರೆ ಎಲ್ಲಿಗೆ ಹೋದಾಳು ಎಂದು ಅಪ್ಪನಿಗೆ ಹಿಂದಿಯಲ್ಲಿ ಹೇಳಿದರು. ಪುಣೆಗೆ ಕಳಿಸಿ ಎಂದರು.

"ಬಸ್ ಹೋ ಗಯಾ, ಮೇಡಂ," ಎಂದ ಅಪ್ಪ. ಸಾಕಾಯಿತು ಎಂದ.

ಮನೆಗೆ ಬಂದ ಮೇಲೆ ವಿಷಯ ತಿಳಿದು ಅವ್ವ ಅಂಗಿಯನ್ನು ಒಲೆಗೆ ಹಾಕಲು ಹೋದಳು. ನಾನು ಕಸಿದುಕೊಂಡೆ. ಅಪ್ಪನಿಗೆ ಎದುರು ನಿಂತು ಹೇಳಿದೆ.

"ದೊಡ್ಡದು ಇದ್ದಿದ್ರ ಏನೂ ಆಗ್ತಿರಲಿಲ್ಲ. ಹುಡುಗರ ಅಂಗಿ ನೋಡಿದೇನಿಲ್ಲ? ನೆಟ್ಟಗ ಅದಾವ. ಸಣ್ಣದು ಮಾಡ್ಸಿದ್ದಕ್ಕ ಉದುರೈತಿ."

"ನಾ ಏನಂದಿದ್ದೆ?" ಎಂದ ಅಪ್ಪ. ಅವನ ದನಿ ಏರಲೇ ಇಲ್ಲ. "ಮಂದಿ ಓದಾಕ ನಿಂದರ್ತಾರ ಅಂದಿದ್ದೆ. ನಿಂತ್ರೋ ಇಲ್ಲೋ? ಸಣ್ಣದಕ್ಕ ಇಷ್ಟು ಓದಿದವರು ದೊಡ್ಡದಕ್ಕ ಬಿಡ್ತಿದ್ರೇನು?"

ಯಾರೂ ಓದಬಾರದು ಎಂದು ಸಣ್ಣದು ಮಾಡಿಸಿದ. ಸಣ್ಣದಾದ ಕಾರಣಕ್ಕೆ ಉದುರಿತು. ಉದುರಿದ ಕಾರಣಕ್ಕೆ ಊರೆಲ್ಲ ಬಗ್ಗಿ ಓದಿತು. ಊರು ಓದಿದ ಕಾರಣಕ್ಕೆ ಅವನು ಹೇಳಿದ್ದೇ ಖರೆಯಾಯಿತು. ಈ ಗಂಟನ್ನು ನಾನು ಇವತ್ತಿಗೂ ಬಿಚ್ಚಿಲ್ಲ. ಅಪ್ಪ ಬಿಚ್ಚಲು ಬಿಡುವುದೂ ಇಲ್ಲ. ಈಗ ರಿಟೈರ್ ಆಗಿ ಅಜನಿಯಲ್ಲೇ ಬಾಡಿಗೆ ಮನೆಯಲ್ಲಿದ್ದಾನೆ, ಕೇಳಿದರೆ ಇವತ್ತಿಗೂ ಅದನ್ನೇ ಹೇಳುತ್ತಾನೆ.

ಕಟ್ಟಿ ಸರ್ ಮರುದಿನ ಅಂಗಡಿಗೆ ಬಂದರು. ಬೈಯಲು ಬಂದರೆಂದು ನಾನು ತಯಾರಾಗಿದ್ದೆ. ಅವರು ಬೈಯಲಿಲ್ಲ. "ಹೋಗ್ಲಿ ಬಿಡಪಾ, ಮಂದಿ ಮನಸಾರೆ ನಕ್ಕರು," ಎಂದು ಬೆನ್ನು ತಟ್ಟಿದರು. ಗಜುಭಾವು ಹುಡುಗಿಯರ ಅಂಗಿ ತಂದುಕೊಟ್ಟರೆ ದೊಡ್ಡಕ್ಷರದಲ್ಲಿ ತಾನೇ ಮತ್ತೆ ಒತ್ತಿಕೊಡುವುದಾಗಿ ಹೇಳಿದ. ಮುಂದಿನ ಸಲ ನೋಡೋಣ ಎಂದು ಹೋದರು. ಬೈದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಆಟದ ದಿನದ ಆ ಮಾತು ಆಮೇಲೆ ಬಳಗದ ನಗೆಮಾತಾಯಿತು. ಯುಗಾದಿಗೆ ಸೇರಿದಾಗ ಹೇಳಿದರು, ರಾಜ್ಯೋತ್ಸವಕ್ಕೆ ಸೇರಿದಾಗ ಹೇಳಿದರು. ಹೊಸದಾಗಿ ವರ್ಗವಾಗಿ ಬಂದವರಿಗೆ ಮೊದಲ ಚಹಾದ ಜೊತೆ ಅದನ್ನೇ ಹೇಳುತ್ತಿದ್ದರು. ಅಂಗಿ ಮರೆತರು, ಅಕ್ಷರ ಮರೆತರು, ಹುಡುಗಿಯ ಹೆಸರೂ ಮರೆತರು. ಕೀಡಾ ಉಳಿಯಿತು.

ಕ್ವಾರ್ಟರ್ಸಿನ ಹುಡುಗರಿಗೆ ಮಾತ್ರ ಹುಡುಗಿ ನೆನಪಿದ್ದಳು. ಬೆಳಿಗ್ಗೆ ಶೈಲಾ ರಸ್ತೆಗೆ ಇಳಿದರೆ, "ಕೀಡಾ ಆಲಾ, ಕೀಡಾ ಆಲಾ," ಎಂದು ಮರಾಠಿಯಲ್ಲಿ ಕೂಗುತ್ತಿದ್ದರು. ಹುಳ ಬಂತು, ಹುಳ ಬಂತು. ನಾನು ಒಬ್ಬನ ಮುಖಕ್ಕೆ ಗುದ್ದಿದೆ. ಅದರಿಂದ ಕೂಗು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಅವಳು ಮೊದಲು ಓಡುವ ದಾರಿ ಬದಲಿಸಿದಳು. ಆಮೇಲೆ ಓಡುವ ಹೊತ್ತು ಬದಲಿಸಿದಳು. ಆಮೇಲೆ ಸೈಕಲ್ ಹಿಂದೆ ಕೂರಲೇ ಎಂದು ನನ್ನನ್ನು ಕೇಳಿದಳು. ಅವತ್ತು ತಿಳಿಯಿತು ನನಗೆ, ಮುಗಿಯಿತು ಎಂದು. ಸೈಕಲ್ ಮಾರಿಬಿಡು ಎನ್ನುತ್ತಿದ್ದವಳು ಅದರ ಹಿಂದೆ ಕೂತು ಶಾಲೆಗೆ ಬಂದಳು, ದಾರಿಯುದ್ದಕ್ಕೂ ದಫ್ತರವನ್ನು ಎದೆಗೆ ಅವುಚಿಕೊಂಡು.

ಮೇಶ್ರಾಮ್ ಮೇಡಂ ಇನ್ನೊಮ್ಮೆ ಮನೆಗೆ ಬಂದರು. ಅಪ್ಪ ಮರ್ಯಾದೆಯಿಂದ ಕೂರಿಸಿದ, ಅವ್ವ ಚಹಾ ಕೊಟ್ಟಳು. ಮೇಡಂ ಶೈಲಾಳನ್ನೇ ಕೇಳಿದರು, ಹೋಗುತ್ತೀಯಾ ಎಂದು. ಶೈಲಾ ಅಪ್ಪನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ನೆಲ ನೋಡಿ ಇಲ್ಲ ಎಂದಳು. ಅಪ್ಪನೇ ಬೇಡ ಎಂದಿದ್ದರೆ ಜಗಳ ಮಾಡಬಹುದಿತ್ತು. ಅವಳ ಬಾಯಿಂದಲೇ ಬಂದ ಮೇಲೆ ಯಾರ ಜೊತೆ ಮಾಡುವುದು?

ಮುಂದಿನ ಸಂಕ್ರಾಂತಿಗೆ ಹುಡುಗಿಯರ ಓಟವನ್ನೇ ತೆಗೆದರು. ಅವರಿಗೆ ರಂಗೋಲಿ, ನಿಂಬೆಹಣ್ಣು ಚಮಚ, ಸಂಗೀತ ಕುರ್ಚಿ. ಅಂಗಿಯ ತಂಟೆಯೇ ಬೇಡವೆಂದು ಎಲ್ಲರಿಗೂ ಟೋಪಿ ಕೊಟ್ಟರು. ಟೋಪಿಯ ಮೇಲೆ ಅಕ್ಷರ ಇರಲಿಲ್ಲ.

ಆ ಚಳಿ ಮುಗಿಯುವ ಮೊದಲು ನಾನು ಕನ್ನಡ ಓದುವುದನ್ನು ಕಲಿತೆ. ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಅಪ್ಪನ ಹಳೆಯ ಅಂಕಲಿಪಿ ತೆಗೆದು ಒತ್ತಕ್ಷರ ಒಂದೊಂದನ್ನೇ ತಿದ್ದಿದೆ. ರ ಒತ್ತಿನ ಆ ಕೊಕ್ಕೆ ಬಂದಾಗ ಪೆನ್ಸಿಲ್ ಮುರಿಯುವಷ್ಟು ಒತ್ತಿ ಬರೆದೆ. ಕಲಿತು ಏನು ಬಂತು? ಈಗ ಇದನ್ನು ಬರೆಯಲು ಬಂತು, ಅಷ್ಟೇ.

ಗಜುಭಾವು ಅಂಗಡಿಯನ್ನು ನಾನು ಮುಂದೆ ಬಿಟ್ಟೆ. ಈಗ ಕಳಮೇಶ್ವರದ ಕಾರ್ಖಾನೆಯೊಂದರಲ್ಲಿ ಪೆಟ್ಟಿಗೆಗೆ ಚೀಟಿ ಅಂಟಿಸುತ್ತೇನೆ. ಚೀಟಿಯ ಅಳತೆ ಕಂಪನಿಯೇ ಕೊಡುತ್ತದೆ, ನನ್ನನ್ನು ಯಾರೂ ಕೇಳುವುದಿಲ್ಲ. ಶೈಲಾಳಿಗೆ ಹನ್ನೆರಡನೆಯ ಇಯತ್ತೆ ಮುಗಿದ ಕೂಡಲೇ ಕೋರಾಡಿಯ ಕಾಲೊನಿಯಲ್ಲಿರುವವನಿಗೆ ಕೊಟ್ಟು ಮದುವೆ ಮಾಡಿದರು. ಗಂಡ ಒಳ್ಳೆಯವನೇ. ಅವಳು ಓಡುತ್ತಿದ್ದಳೆಂದು ಅವನಿಗೆ ಗೊತ್ತಿಲ್ಲ. ನಾನೂ ಹೇಳಿಲ್ಲ.

ಕಳೆದ ವಾರ ಕೋರಾಡಿಯ ಆ ಹೊಸ ಅಂಗಡಿಯ ಮುಂದೆ ನಿಂತಿದ್ದಾಗ ಬಸ್ಸು ಬಂತು. ಸ್ಟಾಪಿನಲ್ಲಿ ಆಟೋಗಳಿದ್ದವು, ಅದಕ್ಕೆ ಸ್ವಲ್ಪ ಮುಂದೆ ಹೋಗಿ ನಿಂತಿತು. ನಾನು ಚೀಲ ಹಿಡಿದು ಓಡಿದೆ, ಬಾಗಿಲಿನ ಕಂಬಿ ಹಿಡಿದೆ. ತಿರುಗಿ ನೋಡಿದರೆ ಶೈಲಾ ನಡೆದು ಬರುತ್ತಿದ್ದಳು.

"ಶೈಲೀ, ಜಲ್ದಿ ಬಾರಽ. ಬಿಡಾಕ ಹತ್ಯಾನ."

"ಚಲಾ ತಾಯೀ, ಲೌಕರ್," ಎಂದು ಕಂಡಕ್ಟರ್ ಅವಸರ ಮಾಡಿದ. ಬಸ್ಸು ಮೆಲ್ಲಗೆ ಹೊರಟಿತು. ಹತ್ತು ಹೆಜ್ಜೆ ಓಡಿದರೆ ಯಾರಿಗಾದರೂ ಸಿಗುವಂತಿತ್ತು. ಅವಳು ಸ್ವಲ್ಪ ಬಿರುಸಾಗಿ ನಡೆದಳು. ಬಿರುಸಾದ ಕೂಡಲೇ ಅವಳ ಬಲಗೈ ತಾನಾಗಿ ಎದ್ದು ಎಡ ಎದೆಯ ಮೇಲೆ ಕೂತಿತು. ಸೆರಗು ಸರಿಯಾಗಿಯೇ ಇತ್ತು, ಹಿಡಿಯುವಂಥದ್ದು ಅಲ್ಲಿ ಏನೂ ಇರಲಿಲ್ಲ. ಅಂಗೈ ಒತ್ತಿ ಹಿಡಿದು, ಮೈ ಒಂದು ಕಡೆ ವಾಲಿ, ಆಮೇಲೆ ಅದೂ ಬೇಡವೆಂದು ನಿಂತೇಬಿಟ್ಟಳು.

ನಾನು ಕೆಳಗೆ ಹಾರಿದೆ. ಬಸ್ಸು ಹೋಯಿತು.

"ಯಾಕ ಇಳದಿ?" ಎಂದಳು. "ಇನ್ನೊಂದು ಬರ್ತೈತಲ್ಲ."

ಬರುತ್ತದೆ. ಕೋರಾಡಿಯಲ್ಲಿ ಬಸ್ಸಿಗೇನು ಕಡಿಮೆ. ಕೈ ಮಾತ್ರ ಅವಳು ಇನ್ನೂ ತೆಗೆದಿರಲಿಲ್ಲ.